ಇಪ್ಪತ್ತೇಳನೇ ಕೊಕ್ಕೆ

ಡೋರ್ನ್‌ಬಾಖ್ ಕೋಟೆ, ಟ್ರಾನ್ಸಿಲ್ವೇನಿಯ
೧೧ ಮಾರ್ಚ್ ೨೦೧೯

ಪ್ರೀತಿಯ ತೋಮಸಣ್ಣಾ,

ಮೊಣಕಾಲು ಹೇಗಿದೆ? ಜರ್ಮನಿಯ ಡಾಕ್ಟರರು ಹೊಸದು ಹಾಕಿದರಂತೆ. ಹಳೆಯದನ್ನು ವಾಪಸು ಕೇಳಿದೆಯೋ ಇಲ್ಲವೋ? ನಾನು ಗಟ್ಟಿಯಾಗಿದ್ದೇನೆ. ಕೋಟೆಯೊಳಗಿನ ಪ್ರವಾಸಿ ಹಾಸ್ಟೆಲಿನಲ್ಲಿ ಈಗ ಮೂವತ್ತೆರಡು ಮಂಚ. ತುರ್ಕರು ಏಳು ಸಲ ಮುತ್ತಿದರೂ ದಾಟಲಾಗದ ಬಾಗಿಲನ್ನು ಬೆನ್ನುಚೀಲದ ಹುಡುಗಿಯರು ಹಲ್ಲುಜ್ಜುತ್ತಾ ದಾಟುತ್ತಾರೆ. ರಾಜ ಎಲ್ಲಿ ಮಲಗುತ್ತಿದ್ದ ಎಂದು ಕೇಳುತ್ತಾರೆ. ರಾಜನೇ ಇರಲಿಲ್ಲ, ರೈತರು ಜೀವ ಉಳಿಸಿಕೊಳ್ಳಲು ಕಟ್ಟಿದ್ದು, ಮನೆಗೊಂದು ಕೋಣೆ, ಗೋಪುರದಲ್ಲಿ ಮನೆಗೊಂದು ಕೊಕ್ಕೆ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಯುದ್ಧ ಮುಗಿದು ಮುನ್ನೂರು ವರ್ಷವಾದರೂ ನಾವು ಹಂದಿಯ ಉಪ್ಪುಕೊಬ್ಬಿನ ಪಟ್ಟೆಯನ್ನು ಅಲ್ಲೇ ತೂಗುಹಾಕಿ, ಭಾನುವಾರ ಪ್ರಾರ್ಥನೆ ಮುಗಿಸಿ ಅವರವರದನ್ನು ಅವರವರೇ ಕೊಯ್ದು, ಕೊಯ್ದ ಅಂಚಿಗೆ ಮನೆಯ ಮುದ್ರೆ ಒತ್ತಿ ಇಳಿಯುತ್ತಿದ್ದುದನ್ನು ಅವರು ನಂಬುವುದೇ ಇಲ್ಲ.

ಈಗ ಸುದ್ದಿ. ಬೆಂಕಿ ಸುರಕ್ಷತೆಯ ಅಧಿಕಾರಿ ಕ್ರಿಷಾನ್ ಮೊನ್ನೆ ಗೋಪುರ ಹತ್ತಿ, ಇಪ್ಪತ್ತೇಳನೇ ಕೊಕ್ಕೆಯತ್ತ ಕೈ ತೋರಿಸಿ, "ಅಕ್ಕಾ, ಇದೇನು ಕುದುರೆ ಜೀನಾ?" ಎಂದ. "ಕೊಬ್ಬು. ನಮ್ಮಣ್ಣ ಊರು ಬಿಟ್ಟ ವರ್ಷದ್ದು" ಎಂದೆ. "ಇಪ್ಪತ್ತೊಂಬತ್ತು ವರ್ಷ! ಇದು ಬತ್ತಿಯಿಲ್ಲದ ಮೇಣದಬತ್ತಿ ಕಣಕ್ಕಾ. ಈಸ್ಟರ್ ಒಳಗೆ ಇಳೀಲಿಲ್ಲ ಅಂದ್ರೆ ಹಾಸ್ಟೆಲ್‌ಗೆ ಬೀಗ" ಎಂದು ಬರೆದುಕೊಟ್ಟು ಹೋದ.

ತಪ್ಪು ನಿನ್ನದೇ. ಆ ವರ್ಷ ಗಡಿ ತೆರೆದು, ಜರ್ಮನ್ ಮೂಲದ ನಮ್ಮ ಊರಿಗೆ ಊರೇ ಜರ್ಮನಿಗೆ ಹೊರಟಾಗ ನಲವತ್ತೆರಡು ಮನೆಯವರು ತಮ್ಮದನ್ನು ಇಳಿಸಿಕೊಂಡರು. ನೀನೊಬ್ಬ ಅಪ್ಪನ ಜೊತೆ ಜಗಳವಾಡಿ, "ಬಂದು ಕುಯ್ಕೋತೀನಿ, ಯಾರೂ ಮುಟ್ಟಬೇಡಿ" ಎಂದು ಬಸ್ಸು ಹತ್ತಿದೆ. ಇನ್ನೊಬ್ಬರ ಪಟ್ಟೆಗೆ ಚಾಕು ತಾಗಿಸಿದವನನ್ನು ಈ ಊರು ಮೂರು ತಲೆಮಾರು ಕಳ್ಳನೆಂದೇ ಕರೆಯುತ್ತದೆ. ಹಾಗಾಗಿ ಎರಡು ಸಲ ಗೋಪುರದ ಸೂರು ರಿಪೇರಿಯಾದಾಗಲೂ ಗಾರೆಯವರು ಅದಕ್ಕೆ ಬಟ್ಟೆ ಸುತ್ತಿ ಹಾಗೇ ಬಿಟ್ಟರು. ಗಂಟೆ ಹೊಡೆಯುವ ಮಿಶ್ ಮಾಮ ಮಾತ್ರ, "ಒಪ್ಪಿಗೆ ಅಂತ ತೋಮಸನ ಕೈಲಿ ಒಂದು ಸಾಲು ಬರೆಸ್ಕೊಳ್ಳೇ ರೆಗಿನೆ, ಏಣಿ ನನ್ನದು" ಎನ್ನುತ್ತಾನೆ. ಒಂದು ಸಾಲು ಸಾಕು, ನಿಜ.

ಅತ್ತಿಗೆಗೆ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ರೆಗಿನೆ

ಮರೆತೆ: ಆ ಸಾಲು ಬರೆದು ಕಳಿಸಬೇಡ. ಬಂದರೆ ಒಲೆಗೆ ಹಾಕಿ, ಸಿಗಲಿಲ್ಲ ಎನ್ನುತ್ತೇನೆ. ಬೀಗ ಬಿದ್ದರೆ ಬೀಳಲಿ. ಅಪ್ಪ ಸಾಯುವವರೆಗೂ ಪ್ರತಿ ಭಾನುವಾರ ಗೋಪುರ ಹತ್ತಿ ನಿನ್ನ ಪಟ್ಟೆಗೆ ಉಪ್ಪು ಸವರಿ ಇಳಿಯುತ್ತಿದ್ದ. ನಿನಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದ. ಈಗ ಹೇಳಿಬಿಟ್ಟೆ. ಬಾ.