ಅವಳ ಹೆಸರಿನ ಅನ್ನ

ಭಾಂಡುಪ್, ಬುಧವಾರ

ಶ್ರೀಮತಿ ಕಾಶವ್ವನವರಿಗೆ ನಮಸ್ಕಾರಗಳು.

ತೀರಿಹೋದ ನನ್ನ ಮಗಳು ವಂದನಾಳ ದಿನಕರ್ಮದಂದು, ಅವಳು ಸಾಕಿದ ದಖ್ಖನಿ ಕುರಿಗಳಿಗೆ ಅವಳ ಹೆಸರಿನಲ್ಲಿ ಬುಟ್ಟಿ ತುಂಬ ಅನ್ನ ಹಾಕಲು ಹೊರಟೆ. ಅವಳೊಡನೆ ಕುರಿ ಕಾಯುತ್ತಿದ್ದ ನೀವು ತಡೆದಿರಿ: “ಬ್ಯಾಡ್ರೀ ಸಾಹೇಬ್ರ, ಹೊಟ್ಟಿ ಉಬ್ಬಿ ಸಾಯ್ತಾವ.” ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋತು ಗೊತ್ತಿಲ್ಲದ ನಾನು ನಿಮ್ಮನ್ನೂ ವಾದಿಸಿ ಸುಮ್ಮನಾಗಿಸಿದೆ, ಕೆಲಸದಿಂದಲೂ ತೆಗೆದೆ.

ಮೂರು ಕುರಿಗಳು ಸತ್ತವು.

ಅವಳ ಬಾತುಕೋಳಿಗಳೂ ಆಡುಗಳೂ ಹೇಗೋ ಇವೆ. ತಾಯಿ ಸತ್ತ ಮರಿಯೊಂದು ಮಾತ್ರ ನನ್ನ ಕೈಯಿಂದ ಹಾಲು ಕುಡಿಯುತ್ತಿಲ್ಲ. ವಂದನಾ ಮರಿಗಳನ್ನು ಹೇಗೆ ಹಿಡಿದು ಕುಡಿಸುತ್ತಿದ್ದಳೋ ನಾನರಿಯೆ. ಅವಳು ಎಷ್ಟು ಕರೆದರೂ ನಾನು ಬಂದು ನೋಡಲಿಲ್ಲ.

ಎದುರು ನಿಲ್ಲುವ ಮುಖವಿಲ್ಲದೆ ಈ ಪತ್ರವನ್ನು ಚಾಳಿನಲ್ಲಿರುವ ನಿಮ್ಮ ಮನೆಯ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದೇನೆ. ದಯವಿಟ್ಟು ಇಂದೇ ಬನ್ನಿ. ನನ್ನೊಡನೆ ಮಾತನಾಡಬೇಕಿಲ್ಲ. ಮರಿ ಬೆಳಗಿನಿಂದ ಕೂಗುವುದನ್ನೂ ನಿಲ್ಲಿಸಿದೆ.

ವಂದನಾಳ ತಂದೆ,
ಗುರುಪಾದಪ್ಪ ಹಂಜಿ