ಫಕೀರಪ್ಪನವರ ಅಳತೆಯ ಕಾವಲಂಗಿ

ಗದಗ-ಬೆಟಗೇರಿ
ಫೆಬ್ರವರಿ ಮೂವತ್ತು, ೨೧೮೭

ನಮಗಿಂತ ಮೊದಲು ಬಾಳಿದ ಹಿರಿಯರಿಗೆ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಅಜ್ಜಂದಿರ ಕಾಲದಲ್ಲೇ ಸರಿಪಡಿಸಿದರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಅರ್ಥ ಹೇಳುತ್ತಾ ಹೋಗುತ್ತೇನೆ. ಇವತ್ತು ನನ್ನ ಮನಸ್ಸು ಹಗುರವಾಗಿದೆ, ಯಾರಿಗಾದರೂ ಹೇಳಿಕೊಳ್ಳಲೇಬೇಕು. ಇಲ್ಲಿಯ ಜನವಂತೂ ಈ ಕಥೆ ಕೇಳಿ ಕೇಳಿ ಬೇಸತ್ತಿದ್ದಾರೆ.

ನಮ್ಮಲ್ಲಿ ಪ್ರತಿ ಪೊಲೀಸ್ ಠಾಣೆಯ ಮೇಲೂ ಸರ್ಕಾರ ಐವರು ಠಾಣಾ ಪಂಚರನ್ನು ಇಟ್ಟಿದೆ. ಪೊಲೀಸರು ಯಾವ ಕೆಲಸವನ್ನು ಮೊದಲು ನೋಡಬೇಕು, ದುಡ್ಡು ಯಾವುದಕ್ಕೆ ಹೋಗಬೇಕು, ಅವರ ಜೀವಕ್ಕೆ ಭದ್ರತೆ ಇದೆಯೇ ಎಂದು ವಿಚಾರಿಸುವವರು ಇವರೇ. ನಾನೂ ಒಬ್ಬಳು. ಆದರೆ ನನ್ನ ಮಗಳು ಸಾವಂತ್ರಿ ಅದೇ ಠಾಣೆಯ ಪೇದೆ. ಪೊಲೀಸರ ಖರ್ಚಿನ ಮಾತು ಬಂದಾಗ ಅವರ ಬಂಧುಗಳು ಬಾಯಿ ತೆರೆಯುವಂತಿಲ್ಲ, ಮತ ಹಾಕುವಂತಿಲ್ಲ. ಕಾನೂನೇನೋ ಒಳ್ಳೆಯದೇ, ನನ್ನಂಥ ವಾಚಾಳಿಗೆ ಮಾತ್ರ ಅದು ಜೈಲು.

ಹೋದ ವರ್ಷ ಠಾಣೆಗೆ ಹೊಸ ಕಾವಲಂಗಿ ಹೊಲಿಸುವ ಮಾತು ಬಂತು. ಕಾವಲಂಗಿ ಎಂದರೆ ಗುಂಡನ್ನೂ ಚೂರಿಯನ್ನೂ ತಡೆಯುವ ಅಂಗಿ. ನಮ್ಮ ಹಿರಿಯ ಪಂಚರಾದ ಫಕೀರಪ್ಪ ಜಾಲಿಹಾಳರಿಗೆ ಅದಕ್ಕಿಂತ ದೊಡ್ಡ ಚಿಂತೆಯೊಂದಿತ್ತು. ಮಂತ್ರಿಗಳು ಬಾನಬಂಡಿಯಲ್ಲಿ, ಅಂದರೆ ಹಾರುವ ಕಾರಿನಲ್ಲಿ, ಊರಿಗೆ ಬರುವವರಿದ್ದರು. ಹಿಂದೆ ಮುಂದೆ ಬೆಂಗಾವಲು ಬಂಡಿಗಳ ಸಾಲೇ ಇರಬೇಕೆಂದು ಇವರ ಆಸೆ. ಅದಕ್ಕೆ ಹಣ ಉಳಿಸಲು ಕಾವಲಂಗಿಗಳನ್ನೆಲ್ಲ ಒಂದೇ ಅಳತೆಗೆ ಹೊಲಿಸೋಣ ಎಂದರು. ಯಾರ ಅಳತೆ ಎಂದು ದರ್ಜಿ ಕೇಳಿದಾಗ ತಾವೇ ಎರಡೂ ಕೈ ಚಾಚಿ ನಿಂತರು. ಉಳಿದ ಮೂವರು ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ; ತಲೆಯಾಡಿಸಿದರು.

ನಮ್ಮಲ್ಲಿ ‘ತೊಡುವ ದಿನ’ ಎಂಬ ಪದ್ಧತಿಯಿದೆ. ಪಂಚರು ಪೊಲೀಸರಿಗೆ ಕೊಡಿಸಿದ್ದನ್ನು ಮೊದಲು ತಾವೇ ತೊಟ್ಟು, ಗಸ್ತು ತಿರುಗಿ ಬಂದು, ಆಮೇಲೆ ಒಪ್ಪಿಗೆ ಕೊಡಬೇಕು. ಫಕೀರಪ್ಪನವರು ತೊಟ್ಟರು, ನೇಕಾರರ ಓಣಿಯಲ್ಲಿ ಮೆರೆದು ಬಂದರು. “ನನ್ನ ಮದುವಿ ಅಂಗೀನೂ ಇಷ್ಟು ಚಲೋ ಕೂತಿರಲಿಲ್ಲ ನೋಡ್ರಿ” ಎಂದರು. ಕೂರದೇ ಏನು? ಅವರ ಹೊಟ್ಟೆಗೆಂದೇ ಕತ್ತರಿಸಿದ್ದು!

ಒಪ್ಪಿಗೆಯ ಸಭೆಯ ದಿನ ಸಾವಂತ್ರಿ ಅದೇ ಅಳತೆಯ ಅಂಗಿ ತೊಟ್ಟು ಬಾಗಿಲಲ್ಲಿ ಕಾವಲಿದ್ದಳು. ನನ್ನ ಮಗಳು ಕಡ್ಡಿಯಂಥವಳು. ಇನ್ನೇನು ಒಪ್ಪಿಗೆಗೆ ಕೈಗಳು ಏಳಬೇಕು, ಅವಳ ಕಂಕುಳ ಕೆಳಗೆ ಅಂಗಿ ಜೋತಾಡುವುದು ನನ್ನ ಕಣ್ಣಿಗೆ ಬಿತ್ತು. ಮಾತಾಡಬಾರದೆಂದಿತ್ತು, ಎದ್ದು ನಡೆಯಬಾರದೆಂದು ಎಲ್ಲೂ ಇರಲಿಲ್ಲ. ನೆಟ್ಟಗೆ ಹೋಗಿ ಅವಳ ಎಡಗೈ ಎತ್ತಿ ಹಿಡಿದು, ಕಂಕುಳ ಕೆಳಗಿನ ಸಂದಿಯಲ್ಲಿ ನನ್ನ ಕೈ ತೂರಿಸಿದೆ. ಮೊಣಕೈವರೆಗೂ ಹೋಯಿತು. “ಅವ್ವಾ, ಎಲ್ಲಾರೂ ನೋಡಾಕತ್ತಾರ” ಎಂದು ಸಾವಂತ್ರಿ ನಾಚಿ ಕೆಂಪಾದಳು. ನೋಡಲೆಂದೇ ಅಲ್ಲವೇ ನಾನು ಎದ್ದದ್ದು! ತುಟಿ ಬಿಚ್ಚದೆ ಹಾಗೇ ನಿಂತೆ.

ಫಕೀರಪ್ಪನವರ ಮುಖ ಇಳಿಯಿತು. “ಯವ್ವಾ, ಇದರಾಗ ಚೂರಿ ಅಷ್ಟ ಅಲ್ಲ, ಎಮ್ಮೀನೂ ಹೋಗತೈತಿ” ಎಂದರು. ತಮ್ಮ ಆಸೆಯ ಬೆಂಗಾವಲನ್ನು ತಾವೇ ಕಡಿದು ಹಾಕಿ, ಪ್ರತಿಯೊಬ್ಬರಿಗೂ ಅವರವರ ಮೈಗೆ ತಕ್ಕ ಅಂಗಿ ಹೊಲಿಸಿದರು. ಮಂತ್ರಿಗಳು ಒಂದೇ ಬಂಡಿಯಲ್ಲಿ ಬಂದು, ಗಿರ್ಮಿಟ್ ತಿಂದು ಹೋದರು. ಬೆಂಗಾವಲು ಎಲ್ಲಿ ಎಂದು ಅವರೂ ಕೇಳಲಿಲ್ಲ.

ಮೊನ್ನೆ ಸಂತೆಯಲ್ಲಿ ಅಣ್ಣತಮ್ಮಂದಿರಿಬ್ಬರು ಹೊಡೆದಾಡುತ್ತಿದ್ದರು. ಬಿಡಿಸಲು ಹೋದ ಸಾವಂತ್ರಿಗೆ ಒಬ್ಬನ ಚೂರಿ ಬಿತ್ತು. ಎಡಗಂಕುಳ ಕೆಳಗೆ, ಅವತ್ತು ನನ್ನ ಕೈ ಹೊಕ್ಕ ಜಾಗಕ್ಕೇ. ಹೊಸ ಅಂಗಿಗೆ ಗೀರು ಬಿತ್ತು, ಮಗಳಿಗೆ ಏನೂ ಆಗಲಿಲ್ಲ. ಸುದ್ದಿ ತಿಳಿದು ಫಕೀರಪ್ಪನವರು ಮನೆಗೆ ಬಂದು, ಆ ಗೀರನ್ನು ಬೆರಳಿಂದ ಸವರಿ, ಚಹಾ ಮುಟ್ಟದೆ ಎದ್ದುಹೋದರು. ಅವರು ಹೋದ ಮೇಲೆ ನಾನು ಮನಸಾರೆ ಅತ್ತೆ.

ಹಿರಿಯರೇ, ನಿಮ್ಮದೊಂದು ಉಪಕಾರವಾಗಬೇಕು. ಪೊಲೀಸರನ್ನು ಪ್ರಶ್ನಿಸುವುದನ್ನು ಬಿಡಬೇಡಿ. ಆದರೆ ಅವರನ್ನು ಎಲ್ಲಿಗೆ, ಏನು ತೊಡಿಸಿ ಕಳಿಸಬೇಕೆಂದು ಕುರ್ಚಿಯಲ್ಲಿ ಕೂತು ತೀರ್ಮಾನಿಸುವವರನ್ನೂ ಬಿಡಬೇಡಿ. ಅಂಗಿ ಆ ಕುರ್ಚಿಯವರಿಗೆ ಚೆನ್ನಾಗಿ ಕೂತಿತೆಂದರೆ ಸಾಲದು, ತೊಡುವವರ ಮೈಮೇಲೆ ನೋಡಿ ಬನ್ನಿ ಎಂದು ಎಬ್ಬಿಸಿ ಕಳಿಸಿ.

ಪಾಳಿ ಮುಗಿಸಿ ಬಂದ ಸಾವಂತ್ರಿ ಪಡಸಾಲೆಯಲ್ಲಿ ಮಲಗಿದ್ದಾಳೆ. ಅವಳ ಗೊರಕೆ ಪಕ್ಕದ ಮನೆಗೂ ಕೇಳುವಂಥದ್ದು. ಮೊದಲಾದರೆ ಬೈದು ಮಗ್ಗುಲು ತಿರುಗಿಸುತ್ತಿದ್ದೆ. ಈಗ ಬಾಗಿಲ ಬಳಿ ಕೂತು ಕೇಳುತ್ತಿದ್ದೇನೆ.

ನಿಮ್ಮ ಮರಿಮಕ್ಕಳ ಮರಿಮಗಳು,
ದಾಕ್ಷಾಯಣಿ ಬಡಿಗೇರ