ವಿನ್ನಿಯ ಕೋಣೆ ಕಟ್ಟಿದ ವರ್ಷ

ಶಿಪ್ಲಿ
೧೪ ಮಾರ್ಚ್ ೨೦೧೧

ಪ್ರೀತಿಯ ಕ್ಲಿಫರ್ಡ್ ಅಣ್ಣನಿಗೆ,

ಚೆನ್ನಾಗಿದ್ದೀಯಾ? ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ಮಾರ್ಚಿನಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಆರ್ನಾಲ್ಡನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಕೂತು ಬರೆಯಲು ನನಗೆ ಪುರುಸೊತ್ತೇ ಆಗಿಲ್ಲ. ನಿನ್ನ ಮೊಣಕಾಲು ಹೇಗಿದೆ? ಆ ಗ್ರಿಮ್ಸ್‌ಬಿಯ ಗಾಳಿಗೆ ಮೈಯೊಡ್ಡಿಕೊಂಡು ಓಡಾಡಬೇಡ.

ಮೂವತ್ತು ವರ್ಷ ಹಿತ್ತಲಲ್ಲಿ ಡೇಲಿಯಾ ಬೆಳೆದವನು ಈಗ ಮುಂದಿನ ಕೋಣೆಯಲ್ಲಿ ಬಸ್ಸು ನೋಡುತ್ತಾ ಕೂತಿರುತ್ತಾನೆ. ಹಿತ್ತಲು ಕಾಣುವ ಹಾಗೆ ಕೂರಿಸು ಎಂದು ನನ್ನ ಗಂಡನದು ಒಂದೇ ವರಾತ. ಹಿಂದಿನ ಕೋಣೆಯ ಕಿಟಕಿ ಕುರ್ಚಿಯಲ್ಲಿ ಕೂತವನಿಗೆ ಎತ್ತರ, ಅದಕ್ಕೆ ಆ ಕೋಣೆಗೆ ಅಂಟಿಸಿ ಒಂದು ಗಾಜಿನ ಕೋಣೆ ಕಟ್ಟಿಸಿಯೇ ತೀರುತ್ತೇನೆಂದು ನಾನೂ ಹಟ ಹಿಡಿದೆ.

ಮೂಲ ಮನೆಯ ಹಿಂಗೋಡೆಯಿಂದ ಮೂರು ಮೀಟರಿನೊಳಗೆ ಕಟ್ಟಿದರೆ ಅನುಮತಿ ಬೇಡವಂತೆ. ಮನೆಗೂ ಗಾಜಿನ ಕೋಣೆಗೂ ನಡುವಿನ ಬಾಗಿಲು ಮಾತ್ರ ಕೀಳಬಾರದು. ಗಾಲಿಕುರ್ಚಿಗೆ ಹೊಸಿಲು ತಗ್ಗಿಸುವುದನ್ನೂ ಬಡಗಿಯ ಹತ್ತಿರ ಮಾತಾಡಿದ್ದಾಯಿತು. ಆಮೇಲೆ ನಗರಸಭೆಯಿಂದ ಸಿಡಲ್ ಎಂಬವರು ಟೇಪು ಹಿಡಿದು ಬಂದರು. ಹಿಂದಿನ ಕೋಣೆಯ ಇಟ್ಟಿಗೆಯೇ ಬೇರೆ ಇದೆಯಲ್ಲ ಅಂದರು. ೧೯೪೮ರ ಜುಲೈ ಒಂದರಂದು ಹೇಗಿತ್ತೋ ಅದೇ ಮೂಲ ಮನೆಯಂತೆ. ಆಮೇಲೆ ಸೇರಿಸಿದ್ದೆಲ್ಲ ಆ ಮೂರು ಮೀಟರಿನಲ್ಲೇ ಕಳೆದುಹೋಗುತ್ತದೆ. ಹಾಗಾದರೆ ನನಗೆ ಉಳಿಯುವುದು ಎರಡು ಅಡಿ. ಅಷ್ಟರಲ್ಲಿ ಆರ್ನಾಲ್ಡನನ್ನು ಪೊರಕೆಯ ಹಾಗೆ ಗೋಡೆಗೆ ಒರಗಿಸಿ ಇಡಬಹುದು.

ಹಾಳಾಗಲಿ ಎಂದು ಪೂರ್ತಿ ಅನುಮತಿಗೇ ಅರ್ಜಿ ಹಾಕಿದೆ. ತನ್ನ ಅಡುಗೆಮನೆ ಕತ್ತಲಾಗುತ್ತದೆಂದು ಪಕ್ಕದ ಮನೆಯ ಓಲ್ಡ್‌ರಾಯ್ಡ್ ತಕರಾರು ಬರೆದಳು. ಅರ್ಜಿ ತಿರಸ್ಕಾರವಾಯಿತು. ಮರುದಿನವೇ ಮತ್ತೆ ಸಿಡಲ್ ಅವರ ಮೇಜಿನ ಮುಂದೆ ಹೋಗಿ ಕೂತೆ.

“ಆ ಕೋಣೆ ನಲವತ್ತೆಂಟಕ್ಕಿಂತ ಮುಂಚೇನೇ ಕಟ್ಟಿದ್ದು ಕಣಪ್ಪಾ, ನನಗೆ ಚೆನ್ನಾಗಿ ನೆನಪಿದೆ.”

“ನಿಮಗಾಗ ಏಳು ವರ್ಷ, ಅಮ್ಮಾ. ಮನೇನೂ ನಿಮ್ಮದೇ. ಕಣ್ಣಾರೆ ಕಂಡವರು ಬೇರೆ ಯಾರಾದ್ರೂ ಇದ್ದಾರಾ?”

ನೀನಿದ್ದೀಯ. ಮಿಲ್ಲಿನ ಒಡಕು ಇಟ್ಟಿಗೆಗಳನ್ನು ಹೊತ್ತು ಅಪ್ಪನಿಗೆ ಕೊಟ್ಟವನು ನೀನು. ಪೋಲಿಯೊ ವಾರ್ಡಿನಿಂದ ಬಂದ ನಮ್ಮ ಪುಟ್ಟ ತಂಗಿ ಮೆಟ್ಟಿಲು ಹತ್ತಲಾರಳೆಂದು ಅಪ್ಪ ಅದನ್ನು ೧೯೪೭ರ ನವೆಂಬರಿನಲ್ಲಿ ಕಟ್ಟಿದ. ಮಾರ್ಚಿನಲ್ಲಿ ಅವಳು ಅಲ್ಲೇ ತೀರಿಕೊಂಡಳು. ಅವಳ ಮರಣಪತ್ರದಲ್ಲಿ ಮನೆಯ ವಿಳಾಸವಿದೆ, ಯಾವ ಕೋಣೆ ಎಂದು ಬರೆದಿಲ್ಲ. ವಿನ್ನಿ. ಅರವತ್ತಮೂರು ವರ್ಷದಿಂದ ನಮ್ಮಲ್ಲಿ ಯಾರೂ ಈ ಹೆಸರು ಎತ್ತಿಲ್ಲ. ನೋಡು, ಬರೆದೇಬಿಟ್ಟೆ.

ನೀನು ಆ ಕೋಣೆಗೆ ಯಾಕೆ ಕಾಲಿಡುವುದಿಲ್ಲವೆಂದು ನನಗೆ ಗೊತ್ತು. ಕಾಲುವೆಯ ಕೊಳಕು ನೀರಿನಿಂದಲೇ ಪೋಲಿಯೊ ಬಂತು, ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದವನು ನೀನು ಎಂದು ಅಪ್ಪ ಬೆಲ್ಟು ಬಿಚ್ಚಿದ್ದನ್ನೂ, ಹದಿನೈದಕ್ಕೇ ನೀನು ಮೀನಿನ ಹಡಗು ಹತ್ತಿ ಹೋದದ್ದನ್ನೂ ನಾನು ಮರೆತಿಲ್ಲ. ಅಪ್ಪನ ಮಣ್ಣಿಗೆ ಬಂದಾಗಲೂ ಬಾಗಿಲಲ್ಲೇ ನಿಂತು ಚಹ ಕುಡಿದು ಹೊರಟುಹೋದೆ. ಆದರೂ ಕೇಳುತ್ತಿದ್ದೇನೆ. ವಕೀಲರ ಮುಂದೆ ಪ್ರಮಾಣ ಮಾಡಿ ಎರಡು ಸಾಲು ಬರೆದು ಸಹಿ ಹಾಕು. ಕಾಗದ ಇದರ ಜೊತೆಗಿದೆ. ಆರ್ನಾಲ್ಡ್ ಈ ಬೇಸಿಗೆಯಲ್ಲಾದರೂ ಹಿತ್ತಲು ನೋಡಬೇಕು. ಮುಂದಿನ ಬೇಸಿಗೆಯ ಮಾತನ್ನು ಡಾಕ್ಟರು ಎತ್ತುವುದೇ ಇಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಈನಿಡ್

ಮರೆತ ಮಾತು: ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ದೋಣಿ ತೋರಿಸಲು ನೀನು ವಿನ್ನಿಯನ್ನು ದಂಡೆಯ ಮೇಲೆ ಕೂರಿಸಿದ್ದೆ, ಅಷ್ಟೇ. ಮಾರನೆಯ ದಿನ ಅಮ್ಮ ಮಿಲ್ಲಿಗೆ ಹೋದ ಮೇಲೆ ಅವಳ ಚಡ್ಡಿ ಬಿಚ್ಚಿ, ಕತ್ತಿನವರೆಗೆ ಆ ನೀರಿಗೆ ಇಳಿಸಿದವಳು ನಾನು. ಅವಳು ಖುಷಿಯಿಂದ ನೀರು ಕುಡಿದಳು. ನೀರಿಗೆ ಕರೆದೊಯ್ದವರು ಯಾರೆಂದು ಡಾಕ್ಟರು ಕೇಳಿದಾಗ ನಿನ್ನ ಹೆಸರು ಹೇಳಿದೆ. ನಿನಗೆ ಏಟು ಬೀಳುವಾಗ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಸಹಿ ಬಂದ ಮೇಲೆ ಇದನ್ನು ಬರೆದರಾಯಿತೇ ಎಂಬ ಅಳುಕಿನಲ್ಲೇ ಎರಡು ತಿಂಗಳು ನಿನ್ನ ಕಾರ್ಡಿಗೆ ಉತ್ತರ ಬರೆಯದೆ ಕೂತಿದ್ದೆ. ಹಾಗೆ ಪಡೆದ ಸಹಿ ನನಗೆ ಬೇಡ. ಈಗ ಹಾಕುವುದಾದರೆ ಹಾಕು, ಇಲ್ಲವಾದರೆ ಬೇಡ. ನೀನು ಏನೂ ಮಾಡಿರಲಿಲ್ಲ, ಅಣ್ಣಾ. ಮಾಡಿದವಳು ನಾನು.